ತಾರೆಯ ತೂಗಾಟದಲ್ಲಿ ದೈತ್ಯ ಗ್ರಹದ ಸುಳಿವು

ಅಕ್ಟೋಬರ್ ತಿಂಗಳ ಮೊದಲ ವಾರಗಳಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ, ಮೋಡ ಸರಿದಿದ್ದರೆ, ಊರ ದೀಪಗಳಿಂದ ದೂರದ ಬಯಲಿನಲ್ಲಿ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ಆ ದಿಕ್ಕಿನಲ್ಲಿ ಎದ್ದು ಕಾಣುವ ಒಂಟಿ ನಕ್ಷತ್ರ ಫೊಮಲ್‌ಹಾಟ್. ಅದರ ಕೆಳಗೆ, ಸ್ವಲ್ಪ ಬಲಕ್ಕೆ, ಅಲ್‌ನೈರ್. ಅಲ್‌ನೈರ್‌ನಿಂದ ನೇರ ಕೆಳಕ್ಕೆ, ಚಾಚಿದ ಕೈಯ ಒಂದು ಮುಷ್ಟಿಯಷ್ಟು ಅಂತರದಲ್ಲಿ ಮಂಕಾದ ಕಿತ್ತಳೆ ಬಣ್ಣದ ಚುಕ್ಕಿಯೊಂದಿದೆ. ಅದರ ಹೆಸರು ಎಪ್ಸಿಲಾನ್ ಇಂಡಿ. ಬೆಂಗಳೂರಿನವರಿಗೆ ಅದು ದಿಗಂತದಿಂದ ಸುಮಾರು 20 ಡಿಗ್ರಿ ಎತ್ತರದಲ್ಲಿ, ಬೀದರಿನವರಿಗೆ 15 ಡಿಗ್ರಿ ಎತ್ತರದಲ್ಲಿ ಸಿಗುತ್ತದೆ. ಬರಿಗಣ್ಣಿಗೆ ಸ್ವಲ್ಪ ಕಷ್ಟ, ಬೈನಾಕ್ಯುಲರ್ ಇದ್ದರೆ ಸುಲಭ.

ಆ ನಕ್ಷತ್ರ ನಮ್ಮಿಂದ ಸುಮಾರು 12 ಜ್ಯೋತಿರ್ವರ್ಷ ದೂರದಲ್ಲಿದೆ. ಆಕಾಶದ ಲೆಕ್ಕದಲ್ಲಿ ಪಕ್ಕದ ಮನೆ. 2023ರ ಜುಲೈನಲ್ಲಿ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ಅದರತ್ತ ತಿರುಗಿತು. ಮರುವರ್ಷ ಎಲಿಸಬೆತ್ ಮ್ಯಾಥ್ಯೂಸ್ ನೇತೃತ್ವದ ತಂಡ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿತು. ನಕ್ಷತ್ರದ ಬಳಿ ಗುರುಗ್ರಹದ ಆರು ಪಟ್ಟಿಗಿಂತ ಸ್ವಲ್ಪ ಹೆಚ್ಚು ತೂಕದ ದೈತ್ಯ ಗ್ರಹವೊಂದು ಚಿತ್ರದಲ್ಲಿ ಸಿಕ್ಕಿತ್ತು. ಅದರ ಉಷ್ಣತೆ ಸುಮಾರು 2 ಡಿಗ್ರಿ ಸೆಲ್ಸಿಯಸ್. ಅದಕ್ಕೂ ಮುಂಚೆ ಹೀಗೆ ನೇರವಾಗಿ ಚಿತ್ರಕ್ಕೆ ಸಿಕ್ಕ ಗ್ರಹಗಳು ಬಹುತೇಕ ಹುಟ್ಟಿ ಹೆಚ್ಚು ಕಾಲವಾಗದ, ನೂರಾರು ಡಿಗ್ರಿ ಬಿಸಿಯಲ್ಲಿ ಹೊಳೆಯುವ ಗ್ರಹಗಳಾಗಿದ್ದವು. ಇದು ವಯಸ್ಸಾದ, ತಣ್ಣಗಾದ ಗ್ರಹ. ನಮ್ಮ ಗುರುವಿನ ಜಾತಿಯದು.

ವೆಬ್‌ಗೆ ಆ ಚಿತ್ರ ತೆಗೆಯಲು ಹಿಡಿದದ್ದು ಕೆಲವೇ ಗಂಟೆ. ಆದರೆ ಅಲ್ಲಿ ಹುಡುಕಬೇಕು ಎಂಬ ಸುಳಿವು ಕೂಡಿಬರಲು ಮೂರು ದಶಕ ಹಿಡಿಯಿತು. ದೂರದ ಕಕ್ಷೆಯ ದೈತ್ಯ ಗ್ರಹಗಳ ಪತ್ತೆ ಎಂದರೆ ಹೀಗೇ. ನಕ್ಷತ್ರದ ವೇಗ, ಅದರ ಸ್ಥಾನ, ಕೊನೆಗೆ ಗ್ರಹದ್ದೇ ಬೆಳಕು ಎಂಬ ಮೂರು ಬೇರೆ ಬೇರೆ ಸುಳಿವುಗಳನ್ನು ಒಂದಕ್ಕೊಂದು ಹೊಂದಿಸಬೇಕು. ಎಂದೋ ಯಾರೋ ಶ್ರದ್ಧೆಯಿಂದ ಬರೆದಿಟ್ಟ ಅಳತೆಗಳಿಲ್ಲದೆ ಇಂದಿನ ದುಬಾರಿ ದೂರದರ್ಶಕಕ್ಕೂ ದಿಕ್ಕು ತೋಚದು.

ಸೂರ್ಯನಲ್ಲದ ಬೇರೆ ನಕ್ಷತ್ರಗಳ ಸುತ್ತ ಪತ್ತೆಯಾದ ಗ್ರಹಗಳ ಸಂಖ್ಯೆ ಈಗ 6000 ದಾಟಿದೆ. ಹೆಚ್ಚಿನವು ಸಿಕ್ಕದ್ದು ಸಂಕ್ರಮಣ ವಿಧಾನದಿಂದ. ಗ್ರಹ ತನ್ನ ನಕ್ಷತ್ರದ ಮುಂದೆ ಹಾದುಹೋಗುವಾಗ ಬೆಳಕು ತುಸು ತಗ್ಗುವುದನ್ನು ಇಲ್ಲಿ ಅಳೆಯುತ್ತಾರೆ. ನಕ್ಷತ್ರಕ್ಕೆ ಅಂಟಿಕೊಂಡಂತೆ ಸುತ್ತುವ ಗ್ರಹಗಳಿಗೆ ಇದು ಹೇಳಿ ಮಾಡಿಸಿದ ವಿಧಾನ. ಗುರುವಿನಷ್ಟು ದೂರದಲ್ಲಿರುವ ಗ್ರಹಕ್ಕೆ ಮಾತ್ರ ಹೊಂದುವುದಿಲ್ಲ. ಕಾರಣ ಜ್ಯಾಮಿತಿ. ಬೇರೆ ನಕ್ಷತ್ರದ ಬಳಿಯಿಂದ ನಮ್ಮ ಸೌರಮಂಡಲವನ್ನು ನೋಡುವವರಿಗೆ ಗುರು ಸೂರ್ಯನ ಮುಂದೆ ಹಾದುಹೋಗುವಂತೆ ಕಾಣುವ ಸಂಭವ ಸಾವಿರದಲ್ಲಿ ಒಂದರಷ್ಟು. ಆ ಅದೃಷ್ಟ ಇದ್ದರೂ ಅದು ಘಟಿಸುವುದು ಸುಮಾರು 12 ವರ್ಷಕ್ಕೊಮ್ಮೆ, ಅದೂ ಒಂದು ದಿನದ ಮಟ್ಟಿಗೆ. ಒಂದೇ ದಿಕ್ಕಿನ ಆಕಾಶವನ್ನು ನಾಲ್ಕು ವರ್ಷ ಎಡೆಬಿಡದೆ ದಿಟ್ಟಿಸಿದ ಕೆಪ್ಲರ್ ನೌಕೆಯ ಕಣ್ಣಿಗೂ ಇಂಥ ಗ್ರಹ ಬೀಳುವುದು ಅಪರೂಪ.

ಹಾಗಾಗಿ ಗ್ರಹವನ್ನು ಬಿಟ್ಟು ನಕ್ಷತ್ರವನ್ನು ಗಮನಿಸಬೇಕು. ಮಗುವಿನ ಎರಡೂ ಕೈ ಹಿಡಿದು ಗಿರಗಿರ ತಿರುಗಿಸುವ ಅಪ್ಪ ತಾನೂ ಸ್ವಲ್ಪ ಹಿಂದಕ್ಕೆ ವಾಲಿ ಸಣ್ಣ ಸುತ್ತು ಹಾಕುತ್ತಾನಲ್ಲ, ನಕ್ಷತ್ರದ ಪಾಡೂ ಅದೇ. ಗುರುವಿನ ತೂಕ ಸೂರ್ಯನ ಸಾವಿರದಲ್ಲೊಂದು ಪಾಲಿನಷ್ಟೇ. ಆದರೂ ಇಬ್ಬರೂ ಸುತ್ತುವ ಸಮತೂಕದ ಬಿಂದು ಸೂರ್ಯನ ಮೇಲ್ಮೈಯಿಂದ ತುಸು ಹೊರಗೆ ಬೀಳುತ್ತದೆ. ಆ ಬಿಂದುವಿನ ಸುತ್ತ ಸೂರ್ಯ ಸೆಕೆಂಡಿಗೆ 12.5 ಮೀಟರ್ ವೇಗದಲ್ಲಿ, 12 ವರ್ಷಕ್ಕೆ ಒಂದು ಸುತ್ತು ಬರುತ್ತಾನೆ. ಗಂಟೆಗೆ 45 ಕಿಲೋಮೀಟರ್, ಊರೊಳಗೆ ಬಸ್ಸು ಓಡುವ ವೇಗ. ಭೂಮಿಯ ಎಳೆತದಿಂದ ಸೂರ್ಯನಿಗೆ ಬರುವ ವೇಗ ಸೆಕೆಂಡಿಗೆ 9 ಸೆಂಟಿಮೀಟರ್ ಮಾತ್ರ. ಮೊದಲು ದೈತ್ಯರೇ ಕೈಗೆ ಸಿಗಲು ಇದು ಕಾರಣ.

ಹತ್ತಾರು ಜ್ಯೋತಿರ್ವರ್ಷ ಆಚೆ ಇರುವ ಬೆಂಕಿಯ ಉಂಡೆಯೊಂದು ಬಸ್ಸಿನ ವೇಗದಲ್ಲಿ ನಮ್ಮತ್ತ ಬಂದು, ಆರು ವರ್ಷದ ನಂತರ ಅದೇ ವೇಗದಲ್ಲಿ ಆಚೆ ಸರಿಯುತ್ತಿದೆ ಎಂದು ತಿಳಿಯುವುದು ಹೇಗೆ? ನಕ್ಷತ್ರದ ಬೆಳಕನ್ನು ರೋಹಿತವಾಗಿ, ಅಂದರೆ ಕಾಮನಬಿಲ್ಲಿನ ಪಟ್ಟಿಯಾಗಿ ಬಿಡಿಸಿದರೆ ಅದರಲ್ಲಿ ಸಾವಿರಾರು ಕಪ್ಪು ಗೆರೆಗಳು ಕಾಣುತ್ತವೆ. ನಕ್ಷತ್ರದ ಹೊರಪದರದಲ್ಲಿರುವ ಕಬ್ಬಿಣ, ಕ್ಯಾಲ್ಸಿಯಂ, ಸೋಡಿಯಂ ಮುಂತಾದ ಧಾತುಗಳು ತಂತಮ್ಮ ಬಣ್ಣಗಳನ್ನು ಹೀರಿ ಉಳಿಸಿದ ಗುರುತುಗಳು ಅವು. ನಕ್ಷತ್ರ ನಮ್ಮತ್ತ ಬರುವಾಗ ಎಲ್ಲ ಗೆರೆಗಳೂ ನೀಲಿಯ ಕಡೆಗೂ, ದೂರ ಸರಿಯುವಾಗ ಕೆಂಪಿನ ಕಡೆಗೂ ಜರುಗುತ್ತವೆ. ಇದೇ ಡಾಪ್ಲರ್ ಪರಿಣಾಮ. ಸೆಕೆಂಡಿಗೆ 12.5 ಮೀಟರ್ ಎಂದರೆ ಬೆಳಕಿನ ವೇಗದ 2.4 ಕೋಟಿಯಲ್ಲಿ ಒಂದು ಭಾಗ. ಗೆರೆ ಜರುಗುವುದೂ ಅಷ್ಟೇ ಪಾಲು.

ಚಿಲಿ ದೇಶದ ಲಾ ಸಿಲ್ಲಾ ಬೆಟ್ಟದ ಮೇಲೆ 2003ರಿಂದ ಕೆಲಸ ಮಾಡುತ್ತಿರುವ ಹಾರ್ಪ್ಸ್ ಎಂಬ ರೋಹಿತಲೇಖಿಯಲ್ಲಿ, ನಕ್ಷತ್ರದ ವೇಗ ಸೆಕೆಂಡಿಗೆ ಒಂದು ಮೀಟರ್ ಬದಲಾದರೆ ಗೆರೆ ಕ್ಯಾಮೆರಾ ಚಿಪ್ಪಿನ ಮೇಲೆ ಒಂದು ಪಿಕ್ಸೆಲ್‌ನ ಸಾವಿರದಲ್ಲೊಂದು ಭಾಗದಷ್ಟು ಸರಿಯುತ್ತದೆ. ಒಂದೇ ಗೆರೆಯಲ್ಲಿ ಇದನ್ನು ಅಳೆಯಲಾಗದು. ಸಾವಿರಾರು ಗೆರೆಗಳ ಸರಾಸರಿ ತೆಗೆದಾಗ ಮಾತ್ರ ಕೈಗೆ ಸಿಗುತ್ತದೆ. ಕೋಣೆಯ ಗಾಳಿ ಕೊಂಚ ಬೆಚ್ಚಗಾದರೆ, ಹೊರಗೆ ವಾಯುಭಾರ ಬದಲಾದರೆ ಇದಕ್ಕಿಂತ ದೊಡ್ಡ ಜರುಗಾಟ ಉಪಕರಣದೊಳಗೇ ಆಗಿಬಿಡುತ್ತದೆ. ಅದಕ್ಕೇ ಇಡೀ ರೋಹಿತಲೇಖಿಯನ್ನು ನಿರ್ವಾತದ ತೊಟ್ಟಿಯೊಳಗಿಟ್ಟು, ಉಷ್ಣತೆ ಒಂದು ಡಿಗ್ರಿಯ ನೂರನೇ ಒಂದು ಭಾಗದಷ್ಟೂ ಏರಿಳಿಯದಂತೆ ಕಾಯುತ್ತಾರೆ. ನಕ್ಷತ್ರದ ಬೆಳಕು ದೂರದರ್ಶಕದಿಂದ ಆಪ್ಟಿಕಲ್ ಫೈಬರ್ ಮೂಲಕ ಒಳಗೆ ಬರುತ್ತದೆ. ಪಕ್ಕದ ಇನ್ನೊಂದು ಫೈಬರಿನಲ್ಲಿ, ಗೆರೆಗಳ ಜಾಗ ಖಚಿತವಾಗಿ ಗೊತ್ತಿರುವ ದೀಪವೊಂದರ ಬೆಳಕು ಬರುತ್ತದೆ. ಎರಡನ್ನೂ ಹೋಲಿಸಿದಾಗ ಉಪಕರಣದ ಜರುಗಾಟ ಎಷ್ಟು, ನಕ್ಷತ್ರದ್ದು ಎಷ್ಟು ಎಂದು ಬೇರ್ಪಡುತ್ತದೆ.

ಈ ನಿಖರತೆಯ ಹಾದಿಯಲ್ಲಿ ಮೊದಲು ನಡೆದವರನ್ನು ನೆನೆಯಲೇಬೇಕು. ಕೆನಡಾದ ಗಾರ್ಡನ್ ವಾಕರ್ ಮತ್ತು ಬ್ರೂಸ್ ಕ್ಯಾಂಪ್‌ಬೆಲ್ 1980ರ ಹೊತ್ತಿನಲ್ಲೇ ಹವಾಯಿಯ ದೂರದರ್ಶಕವೊಂದರಲ್ಲಿ, ನಕ್ಷತ್ರದ ಬೆಳಕಿನ ದಾರಿಗೆ ಹೈಡ್ರೋಜನ್ ಫ್ಲೋರೈಡ್ ಅನಿಲ ತುಂಬಿದ ಪುಟ್ಟ ಕೊಳವೆ ಇಟ್ಟರು. ಆ ಅನಿಲದ ಗೆರೆಗಳೇ ಅಳತೆಪಟ್ಟಿ. ಗಾಜನ್ನೂ ಕೊರೆಯುವ, ಮೈಗೆ ತಾಗಿದರೆ ಸುಡುವ ವಿಷಾನಿಲ ಅದು. ಅದನ್ನು ಎಚ್ಚರದಿಂದ ಬಳಸುತ್ತಾ 12 ವರ್ಷ 21 ನಕ್ಷತ್ರಗಳ ವೇಗ ಬರೆದಿಟ್ಟರು. ಅವರು ಹುಡುಕಿದ್ದು ಗುರುವಿನಂಥ, ನಿಧಾನಕ್ಕೆ ಸುತ್ತುವ ಗ್ರಹವನ್ನು. 1995ರಲ್ಲಿ ‘ಸಿಗಲಿಲ್ಲ’ ಎಂದು ಪ್ರಕಟಿಸಿದರು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಮಿಶೆಲ್ ಮೇಯರ್ ಮತ್ತು ದಿದಿಯೆ ಕೆಲೋ 51 ಪೆಗಾಸಿ ಎಂಬ ನಕ್ಷತ್ರದ ಸುತ್ತ ನಾಲ್ಕೇ ದಿನ ಮತ್ತು ಕೆಲವು ಗಂಟೆಗಳಲ್ಲಿ ಸುತ್ತು ಮುಗಿಸುವ, ಗುರುವಿನ ಅರ್ಧ ತೂಕದ ಗ್ರಹವನ್ನು ಕಂಡರು. ಇವರಿಬ್ಬರಿಗೆ 2019ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು.

ಕೆನಡಾದವರ ಕೈಯಲ್ಲೂ ಒಂದು ಗ್ರಹ ಇತ್ತು. ಗಾಮಾ ಸೆಫಿ ಎಂಬ ನಕ್ಷತ್ರ ಎರಡೂವರೆ ವರ್ಷಕ್ಕೊಮ್ಮೆ ತೂಗುತ್ತಿದೆ ಎಂದು ಅವರು 1988ರಲ್ಲೇ ಬರೆದಿದ್ದರು. 1992ರಲ್ಲಿ ಅನುಮಾನ ಬಂದು, ಅದು ನಕ್ಷತ್ರದ್ದೇ ಮೈಯ ಏರುಪೇರಿರಬಹುದು ಎಂದು ಹಿಂದೆ ಸರಿದರು. 2003ರಲ್ಲಿ ಹೆಚ್ಚಿನ ಅಳತೆಗಳು ಸೇರಿ ಅದು ಗ್ರಹವೇ ಎಂದು ಖಚಿತವಾಯಿತು. ಅವರ ಸಂಕೋಚವನ್ನು ನಾನು ಗೌರವದಿಂದಲೇ ನೋಡುತ್ತೇನೆ, ಏಕೆಂದರೆ ಅವರು ಹೆದರಿದ ತೊಡಕು ನಿಜವಾದದ್ದು.

ಆ ತೊಡಕು ಏನೆಂದು ನಮ್ಮ ಸೂರ್ಯನಲ್ಲೇ ನೋಡಬಹುದು. ಸೂರ್ಯನ ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಿ ಕಡಿಮೆಯಾಗುತ್ತವೆ. ಕಾಂತಬಲ ಹೆಚ್ಚಾದಾಗ ಮೇಲ್ಮೈಯ ಅನಿಲದ ಕುದಿತ ಬದಲಾಗಿ ರೋಹಿತದ ಗೆರೆಗಳ ಆಕಾರವೂ ಕೊಂಚ ಬದಲಾಗುತ್ತದೆ. ದೂರದಿಂದ ನೋಡುವವರಿಗೆ ಇದು ವೇಗದ ಬದಲಾವಣೆಯಂತೆ ತೋರುತ್ತದೆ. ಸೂರ್ಯನ ಚಕ್ರ 11 ವರ್ಷ, ಗುರುವಿನ ಸುತ್ತು 12 ವರ್ಷ. ಎರಡನ್ನೂ ಬಿಡಿಸುವುದು ಸುಲಭವಲ್ಲ. ಇದಕ್ಕೆ ಕ್ಯಾಲ್ಸಿಯಂನ ಎರಡು ಗೆರೆಗಳು ನೆರವಾಗುತ್ತವೆ. ಅವಕ್ಕೆ ಎಚ್ ಮತ್ತು ಕೆ ಗೆರೆಗಳೆಂದು ಹೆಸರು. ನಕ್ಷತ್ರದ ಕಾಂತ ಚಟುವಟಿಕೆ ಏರಿದಾಗ ಈ ಗೆರೆಗಳ ನಡುವೆ ಹೊಳಪು ಹೆಚ್ಚುತ್ತದೆ. ತೂಗಾಟವೂ ಈ ಹೊಳಪೂ ಒಟ್ಟಿಗೇ ಏರಿಳಿದರೆ ಅದು ಗ್ರಹದ ಕೆಲಸವೆಂದು ಹೇಳುವ ಹಾಗಿಲ್ಲ. ಹೊಳಪು ಸುಮ್ಮನಿದ್ದು ತೂಗಾಟ ಮಾತ್ರ ನಡೆದಿದ್ದರೆ ಗ್ರಹದ ಮಾತೆತ್ತಬಹುದು. ಇದೇ ಕೆ ಗೆರೆಯನ್ನು ನಕ್ಷತ್ರಗಳಲ್ಲಿ ಅಧ್ಯಯನ ಮಾಡಿ, ಅದರ ಅಗಲಕ್ಕೂ ನಕ್ಷತ್ರದ ನಿಜವಾದ ಪ್ರಕಾಶಕ್ಕೂ ನಂಟಿದೆ ಎಂದು 1957ರಲ್ಲಿ ತೋರಿಸಿದವರು ಓಲಿನ್ ವಿಲ್ಸನ್ ಮತ್ತು ವೇಣು ಬಾಪು. ಬಾಪು ಅವರೇ ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಮೊದಲ ನಿರ್ದೇಶಕರಾದರು. ಆ ಸಂಸ್ಥೆಯ ಕೊಡೈಕನಾಲ್ ವೀಕ್ಷಣಾಲಯದಲ್ಲಿ ಕೆ ಗೆರೆಯ ಬೆಳಕಿನಲ್ಲಿ ತೆಗೆದ ಸೂರ್ಯನ ಚಿತ್ರಗಳು ಕಳೆದ ಶತಮಾನದ ಆರಂಭದಿಂದ ಇವೆ. ಒಂದು ನಕ್ಷತ್ರದ ಸ್ವಭಾವ ಹತ್ತಾರು ವರ್ಷಗಳಲ್ಲಿ ಹೇಗೆ ಏರಿಳಿಯುತ್ತದೆ ಎಂಬುದಕ್ಕೆ ಅಷ್ಟು ಉದ್ದದ ದಾಖಲೆ ಜಗತ್ತಿನಲ್ಲೇ ವಿರಳ.

ಅಮೆರಿಕದ ಕ್ಯಾಲಿಫೋರ್ನಿಯಾ ತಂಡವೊಂದು 719 ನಕ್ಷತ್ರಗಳ ಮೂರು ದಶಕಗಳ ವೇಗಗಳನ್ನು ಒಟ್ಟುಗೂಡಿಸಿ 2021ರಲ್ಲಿ ಒಂದು ಲೆಕ್ಕ ಕೊಟ್ಟಿತು. ಭೂಮಿ-ಸೂರ್ಯರ ಅಂತರದ ಎರಡರಿಂದ ಎಂಟು ಪಟ್ಟು ದೂರದ ವಲಯದಲ್ಲಿ ನೂರು ನಕ್ಷತ್ರಗಳಿಗೆ ಸುಮಾರು 14 ದೈತ್ಯ ಗ್ರಹಗಳಿವೆ. ಅಂದರೆ ಗುರುವಿನಂಥ ಹಿರಿಯ ಎಲ್ಲ ಮನೆಯಲ್ಲೂ ಇಲ್ಲ, ಆದರೆ ತೀರಾ ಅಪರೂಪವೂ ಅಲ್ಲ.

ವೇಗದ ವಿಧಾನದಲ್ಲಿ ಎರಡು ಕೊರತೆಗಳಿವೆ. ಒಂದು, ಅದು ಹೇಳುವುದು ನಮ್ಮತ್ತ ಬರುವ ಮತ್ತು ಆಚೆ ಹೋಗುವ ವೇಗವನ್ನು ಮಾತ್ರ. ಕಕ್ಷೆ ನಮಗೆ ಓರೆಯಾಗಿದ್ದರೆ ವೇಗದ ಒಂದು ಪಾಲು ಅಡ್ಡಡ್ಡಲಾಗಿ ಕಳೆದುಹೋಗುತ್ತದೆ. ಹಾಗಾಗಿ ಸಿಗುವುದು ಗ್ರಹದ ಕನಿಷ್ಠ ತೂಕ, ನಿಜವಾದ ತೂಕವಲ್ಲ. ಇನ್ನೊಂದು ಕಾಲದ ಕೊರತೆ. ನೂರು ವರ್ಷದ ಸುತ್ತಿನ ಗ್ರಹವಿದ್ದರೆ, ಇಪ್ಪತ್ತು ವರ್ಷದ ಅಳತೆಯಲ್ಲಿ ಅಲೆಯ ಆಕಾರ ಕಾಣುವುದೇ ಇಲ್ಲ. ಕಾಣುವುದು ಮೆಲ್ಲಗೆ ಏರುವ ಅಥವಾ ಇಳಿಯುವ ಓರೆಗೆರೆಯೊಂದೇ. ಎಪ್ಸಿಲಾನ್ ಇಂಡಿಯ ವಿಷಯದಲ್ಲಿ ಆದದ್ದೂ ಇದೇ. 1990ರ ದಶಕದ ಲಾ ಸಿಲ್ಲಾ ಅಳತೆಗಳಲ್ಲಿ ಅಂಥ ಓರೆ ಇದೆಯೆಂದು 2002ರಲ್ಲೇ ಖಗೋಳವಿಜ್ಞಾನಿಗಳು ಗುರುತಿಸಿದ್ದರು. ಯಾವುದೋ ಭಾರವಾದದ್ದು ಎಳೆಯುತ್ತಿದೆ, ಆದರೆ ಎಷ್ಟು ಭಾರದ್ದು, ಎಷ್ಟು ದೂರದ್ದು?

ಅಡ್ಡಡ್ಡ ಚಲನೆಯನ್ನು ಅಳೆಯಲು ನಕ್ಷತ್ರದ ಸ್ಥಾನವನ್ನೇ ಅಳೆಯಬೇಕು. ಇದು ಎರಡನೆಯ ಸುಳಿವು. ಗುರುವಿನಂಥ ಗ್ರಹವೊಂದು ಸೂರ್ಯನಂಥ ನಕ್ಷತ್ರವನ್ನು ಎಳೆಯುವುದನ್ನು 33 ಜ್ಯೋತಿರ್ವರ್ಷ ದೂರದಿಂದ ನೋಡಿದರೆ, ನಕ್ಷತ್ರ ಅತ್ತಿತ್ತ ಸರಿಯುವುದು ಒಂದು ಡಿಗ್ರಿಯ 3600ನೇ ಭಾಗವಾದ ಕೋನ-ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲಿನಷ್ಟು. ಭೂಮಿಯ ಗಾಳಿಯ ಕೆಳಗೆ ನಿಂತು ಇದನ್ನು ಅಳೆಯುವುದು ಬಲು ಕಷ್ಟ. ಐರೋಪ್ಯ ಬಾಹ್ಯಾಕಾಶ ಸಂಸ್ಥೆ 1989ರಲ್ಲಿ ಹಿಪ್ಪಾರ್ಕಸ್ ಉಪಗ್ರಹವನ್ನೂ 2013ರಲ್ಲಿ ಗಾಯಾ ನೌಕೆಯನ್ನೂ ಮೇಲಕ್ಕೆ ಕಳಿಸಿದ್ದು ನಕ್ಷತ್ರಗಳ ಜಾಗ ಗುರುತಿಸಲಿಕ್ಕೇ. ಎರಡರ ನಡುವೆ ಸುಮಾರು 25 ವರ್ಷದ ಅಂತರವಿದೆ, ಉಪಾಯ ಇರುವುದೂ ಅಲ್ಲೇ. ಒಂಟಿ ನಕ್ಷತ್ರವಾದರೆ ಆಕಾಶದಲ್ಲಿ ನೇರ ಗೆರೆಯಲ್ಲಿ ಸಾಗಬೇಕು. ಹಿಪ್ಪಾರ್ಕಸ್ ಕಂಡ ಜಾಗಕ್ಕೂ ಗಾಯಾ ಕಂಡ ಜಾಗಕ್ಕೂ ಗೆರೆ ಎಳೆದರೆ ಸರಾಸರಿ ವೇಗ ಸಿಗುತ್ತದೆ. ಗಾಯಾ ತನ್ನ ಕಾಲದಲ್ಲಿ ಅಳೆದ ವೇಗ ಈ ಸರಾಸರಿಗೆ ಹೊಂದದಿದ್ದರೆ ನಕ್ಷತ್ರದ ದಾರಿ ಬಾಗುತ್ತಿದೆ ಎಂದರ್ಥ. ಬಗ್ಗಿಸುತ್ತಿರುವ ಭಾರ ಪಕ್ಕದಲ್ಲಿರಬೇಕು. ಎಎಫ್ ಲೆಪೋರಿಸ್ ಎಂಬ ನಕ್ಷತ್ರದ ದೈತ್ಯ ಗ್ರಹವನ್ನು 2023ರಲ್ಲಿ ಚಿತ್ರ ತೆಗೆದು ಹಿಡಿದದ್ದು ಈ ಬಾಗಿನ ಸುಳಿವಿನಿಂದಲೇ. ಎಪ್ಸಿಲಾನ್ ಇಂಡಿಯ ವೇಗದ ಓರೆಗೆ ಈ ಬಾಗನ್ನೂ ಸೇರಿಸಿ 2019ರಲ್ಲಿ ಒಂದು ತಂಡ ಲೆಕ್ಕ ಹಾಕಿತು: ಗುರುವಿನ ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚು ತೂಕ, ಸುತ್ತಿಗೆ ಸುಮಾರು 45 ವರ್ಷ.

ಉಳಿದದ್ದು ಕಣ್ಣಾರೆ ನೋಡುವುದು. ಈ ಕೆಲಸದ ಕಷ್ಟವೆಲ್ಲ ಒಂದೇ ಸಂಖ್ಯೆಯಲ್ಲಿದೆ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಗುರು ಸೂರ್ಯನ ನೂರು ಕೋಟಿಯಲ್ಲಿ ಒಂದು ಪಾಲಿನಷ್ಟು ಮಾತ್ರ ಪ್ರಕಾಶಮಾನ. ಅವಗೆಂಪು ಬೆಳಕಿನಲ್ಲಿ ಗ್ರಹ ತನ್ನದೇ ಶಾಖದಿಂದ ಹೊಳೆಯುವುದರಿಂದ ಈ ಅಂತರ ಬಹಳ ತಗ್ಗುತ್ತದೆ. ದೈತ್ಯ ಗ್ರಹಗಳು ಹುಟ್ಟುವಾಗ ಅನಿಲ ಕುಸಿದು ಬಿಸಿಯಾಗಿ, ಆಮೇಲೆ ಕೋಟ್ಯಂತರ ವರ್ಷ ಆರುತ್ತಾ ಹೋಗುತ್ತವೆ. ಆದ್ದರಿಂದ ಎಳೆಯ ನಕ್ಷತ್ರಗಳ ಬಳಿ ಹುಡುಕುವುದು ಮೊದಲ ಜಾಣತನ. 2008ರಲ್ಲಿ ಕ್ರಿಸ್ಟಿಯನ್ ಮಾರ್ವಾ ಮತ್ತು ಸಂಗಡಿಗರು ಹವಾಯಿಯ ಕೆಕ್ ಮತ್ತು ಜೆಮಿನಿ ದೂರದರ್ಶಕಗಳಲ್ಲಿ ಎಚ್‌ಆರ್ 8799 ಎಂಬ ನಕ್ಷತ್ರದ ಸುತ್ತ ಮೂರು ದೈತ್ಯ ಗ್ರಹಗಳನ್ನು ಒಟ್ಟಿಗೆ ಚಿತ್ರಿಸಿದರು. 2010ರಲ್ಲಿ ನಾಲ್ಕನೆಯದೂ ಸಿಕ್ಕಿತು. ಆ ನಕ್ಷತ್ರಕ್ಕೆ ವಯಸ್ಸು ಕೆಲವು ಕೋಟಿ ವರ್ಷಗಳಷ್ಟೇ, ಸೂರ್ಯನ 460 ಕೋಟಿ ವರ್ಷದ ಮುಂದೆ ಹಸುಗೂಸು.

ಅವರ ಉಪಾಯವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಅದು ಬಲು ಸುಂದರವಾದದ್ದು. ಗಾಳಿಯ ಕಲಕಾಟವನ್ನು ಸರಿಪಡಿಸಲು ದೂರದರ್ಶಕದ ಒಂದು ತೆಳು ಕನ್ನಡಿಯನ್ನು ಸೆಕೆಂಡಿಗೆ ನೂರಾರು ಬಾರಿ ತುಸು ತುಸುವೇ ಬಗ್ಗಿಸುತ್ತಾರೆ. ಆಗಲೂ ನಕ್ಷತ್ರದ ಸುತ್ತ ಬೆಳಕಿನ ಚುಕ್ಕೆಗಳು ಚೆಲ್ಲಿರುತ್ತವೆ. ಕನ್ನಡಿಗಳ ಅತಿ ಸಣ್ಣ ಉಬ್ಬುತಗ್ಗುಗಳಿಂದ ಹುಟ್ಟುವ ಈ ಚುಕ್ಕೆ ಒಂದೊಂದೂ ಥೇಟ್ ಗ್ರಹದಂತೆ ಕಾಣುತ್ತದೆ. ಭೂಮಿ ತಿರುಗುವುದರಿಂದ ರಾತ್ರಿ ಕಳೆದಂತೆ ದೂರದರ್ಶಕದ ಕಣ್ಣಿಗೆ ಆಕಾಶವೂ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಸಾಮಾನ್ಯವಾಗಿ ಕ್ಯಾಮೆರಾವನ್ನೂ ಜೊತೆಗೆ ತಿರುಗಿಸಿ ಇದನ್ನು ಸರಿದೂಗಿಸುತ್ತಾರೆ. ಮಾರ್ವಾ ಆ ತಿರುಗಣೆಯನ್ನು ನಿಲ್ಲಿಸಿಬಿಟ್ಟರು. ಆಗ ಕನ್ನಡಿಯಿಂದ ಹುಟ್ಟಿದ ಚುಕ್ಕೆಗಳು ಚಿತ್ರದಿಂದ ಚಿತ್ರಕ್ಕೆ ಇದ್ದಲ್ಲೇ ಇರುತ್ತವೆ, ನಿಜವಾದ ಗ್ರಹ ಮಾತ್ರ ನಕ್ಷತ್ರದ ಸುತ್ತ ಕಮಾನಿನಂತೆ ಸರಿಯುತ್ತದೆ. ಎಲ್ಲ ಚಿತ್ರಗಳಲ್ಲೂ ಸಮಾನವಾಗಿ ಇರುವುದನ್ನು ಕಳೆದು, ಉಳಿದವನ್ನು ಆಕಾಶದ ದಿಕ್ಕಿಗೆ ತಿರುಗಿಸಿ ಕೂಡಿಸಿದರೆ ಗ್ರಹ ಮೇಲೇಳುತ್ತದೆ.

ಚಿತ್ರದಲ್ಲಿ ಚುಕ್ಕೆ ಕಂಡಮಾತ್ರಕ್ಕೆ ಗ್ರಹವಾಗದು. ಫೊಮಲ್‌ಹಾಟ್ ಬಳಿ ಹಬಲ್ ದೂರದರ್ಶಕ ಕಂಡ ಚುಕ್ಕೆಯೊಂದನ್ನು 2008ರಲ್ಲಿ ಗ್ರಹವೆಂದು ಘೋಷಿಸಲಾಗಿತ್ತು. ವರ್ಷ ಕಳೆದಂತೆ ಅದು ಮಂಕಾಗುತ್ತಾ ಹರಡಿಕೊಂಡಿತು. ಎರಡು ಹಿಮಕಾಯಗಳು ಡಿಕ್ಕಿ ಹೊಡೆದು ಎದ್ದ ಧೂಳಿನ ಮೋಡ ಅದು ಎಂಬ ವಿವರಣೆಯನ್ನು 2020ರಲ್ಲಿ ಸಂಶೋಧಕರು ಮುಂದಿಟ್ಟರು.

ಈಗ ಎಪ್ಸಿಲಾನ್ ಇಂಡಿಗೆ ಬರೋಣ. ಅದರ ವಯಸ್ಸು ಕೋಟಿಗಳಲ್ಲಲ್ಲ, ನೂರಾರು ಕೋಟಿ ವರ್ಷಗಳಲ್ಲಿದೆ. ಗ್ರಹ ಆರಿದೆ. 2 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ವಸ್ತು ಅತಿ ಹೆಚ್ಚು ಸೂಸುವ ಬೆಳಕಿನ ಅಲೆಯುದ್ದ ಮೈಕ್ರಾನ್ ಲೆಕ್ಕದಲ್ಲಿ ಹತ್ತೂವರೆಯ ಆಸುಪಾಸು. ಭೂಮಿಯ ಮೇಲೆ ದೂರದರ್ಶಕ, ಗಾಳಿ, ಗೋಪುರ ಎಲ್ಲವೂ ಅದೇ ಅಲೆಯುದ್ದದಲ್ಲಿ ಬೆಳಗುತ್ತಿರುತ್ತವೆ. ಅದಕ್ಕೇ ಬಾಹ್ಯಾಕಾಶದ, ಕಡುಶೀತದ ವೆಬ್ ಬೇಕಾಯಿತು. ಅದರ ಮಿರಿ ಕ್ಯಾಮೆರಾದಲ್ಲಿ ನಕ್ಷತ್ರದ ಬೆಳಕನ್ನು ತಡೆಯುವ ಕರೊನಾಗ್ರಾಫ್ ಎಂಬ ಸಾಧನ ಬರೀ ಮರೆ ಹಿಡಿಯುವುದಿಲ್ಲ. ನಾಲ್ಕು ಚೌಕಗಳ ಒಂದು ಫಲಕದ ನಟ್ಟನಡುವೆ ನಕ್ಷತ್ರವನ್ನು ನಿಲ್ಲಿಸುತ್ತಾರೆ. ಎದುರು ಬದುರಿನ ಎರಡು ಚೌಕಗಳ ಮೂಲಕ ಹಾದ ಬೆಳಕಿನ ಅಲೆ ಉಳಿದೆರಡಕ್ಕಿಂತ ಅರ್ಧ ಅಲೆಯಷ್ಟು ಹಿಂದೆ ಬೀಳುತ್ತದೆ. ಏರು ಇಳಿವಿನ ಮೇಲೆ ಬಿದ್ದು ನಕ್ಷತ್ರದ ಬೆಳಕು ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ನಡುವಿನಲ್ಲಿಲ್ಲದ ಗ್ರಹದ ಬೆಳಕು ಮಾತ್ರ ಉಳಿದು ಹಾದುಹೋಗುತ್ತದೆ. ಅಂಥದೇ ಇನ್ನೊಂದು ನಕ್ಷತ್ರವನ್ನೂ ಚಿತ್ರಿಸಿ, ಅದನ್ನು ಇದರಿಂದ ಕಳೆದು, ಉಳಿದ ಚೆಲ್ಲಾಟವನ್ನೂ ಒರೆಸಿದರು.

ಚುಕ್ಕೆ ಕಂಡಿತು, ಆದರೆ ಲೆಕ್ಕ ಹೇಳಿದ್ದ ಜಾಗದಲ್ಲಿ ಅಲ್ಲ. ಅದೇ ದಿಕ್ಕಿನಲ್ಲಿ ಹಿಂದೆ ಕಾಣುತ್ತಿರುವ ದೂರದ ನಕ್ಷತ್ರವೋ ಏನೋ ಎಂಬ ಶಂಕೆ ಸಹಜ. ಇಲ್ಲಿ ಹಳೆಯ ದಾಖಲೆ ಕೈಹಿಡಿಯಿತು. 2019ರಲ್ಲಿ ಚಿಲಿಯ ವಿಎಲ್‌ಟಿ ದೂರದರ್ಶಕ ಇದೇ ನಕ್ಷತ್ರದ ಚಿತ್ರ ತೆಗೆದಿತ್ತು, ಆಗ ಯಾರಿಗೂ ಏನೂ ಕಂಡಿರಲಿಲ್ಲ. ಎಲ್ಲಿ ನೋಡಬೇಕೆಂದು ಗೊತ್ತಾದ ಮೇಲೆ ಮತ್ತೆ ತೆಗೆದು ನೋಡಿದರೆ ಅಲ್ಲೂ ಮಸುಕಾದ ಚುಕ್ಕೆ ಇತ್ತು. ಎಪ್ಸಿಲಾನ್ ಇಂಡಿ ಆಕಾಶದಲ್ಲಿ ವರ್ಷಕ್ಕೆ 4.7 ಕೋನ-ಸೆಕೆಂಡ್ ಸಾಗುವ ವೇಗದ ನಕ್ಷತ್ರ. ಹಿನ್ನೆಲೆಯ ವಸ್ತುವಾಗಿದ್ದರೆ ನಾಲ್ಕು ವರ್ಷದಲ್ಲಿ ದೂರ ಹಿಂದುಳಿಯಬೇಕಿತ್ತು. ಅದು ನಕ್ಷತ್ರದ ಜೊತೆಗೇ ಬಂದಿತ್ತು.

ಚಿತ್ರ, ಓರೆ, ಬಾಗು ಮೂರನ್ನೂ ಹೊಂದಿಸಿ ಮತ್ತೆ ಲೆಕ್ಕ ಹಾಕಿದಾಗ ಗ್ರಹದ ತೂಕ ಹಿಂದಿನ ಅಂದಾಜಿನ ಸುಮಾರು ಎರಡು ಪಟ್ಟಾಯಿತು, ಕಕ್ಷೆಯೂ ದೊಡ್ಡದಾಯಿತು. ಒಂದು ಸುತ್ತಿಗೆ ಶತಮಾನಕ್ಕೂ ಮಿಕ್ಕಿದ ಕಾಲ ಬೇಕು ಎನ್ನುವುದು ಈಗಿನ ಅಂದಾಜು. ಇನ್ನೊಂದು ಸಂಗತಿಯೂ ಹೊರಬಿತ್ತು. ಹತ್ತು ಮೈಕ್ರಾನ್‌ಗಿಂತ ಚಿಕ್ಕ ಅಲೆಯುದ್ದಗಳಲ್ಲಿ ಗ್ರಹ ನಿರೀಕ್ಷೆಗಿಂತ ಮಂಕಾಗಿದೆ. ವಾತಾವರಣದ ಮೀಥೇನ್, ಇಂಗಾಲದ ಆಕ್ಸೈಡುಗಳು ಆ ಬೆಳಕನ್ನು ಹೀರುತ್ತಿರಬಹುದು, ಇಲ್ಲವೇ ಮೋಡ ಕವಿದಿರಬಹುದು. ಅದರ ಬೆಳಕನ್ನು ರೋಹಿತವಾಗಿ ಬಿಡಿಸಿದರೆ ಉತ್ತರ ಸಿಕ್ಕೀತು.

ಭಾರತದಲ್ಲೂ ಈ ಕೆಲಸ ನಡೆದಿದೆ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ ರಾಜಸ್ಥಾನದ ಮೌಂಟ್ ಅಬುವಿನಲ್ಲಿ ಪಾರಸ್ ಎಂಬ ರೋಹಿತಲೇಖಿಯನ್ನು ನಡೆಸುತ್ತಿದೆ. ಅದರಿಂದ 2023ರಲ್ಲಿ ತೂಕ ಕಂಡ ಟಿಒಐ-4603 ಬಿ ಗ್ರಹ ಗುರುವಿನ ಸುಮಾರು 13 ಪಟ್ಟು ಭಾರದ್ದು, ಸುತ್ತು ಮಾತ್ರ ಏಳೇ ದಿನದ್ದು. ಈಗ ಎರಡೂವರೆ ಮೀಟರ್ ದೂರದರ್ಶಕಕ್ಕೆ ಪಾರಸ್-2 ಜೋಡಿಸಿದ್ದಾರೆ. ಮೂವತ್ತು ಮೀಟರ್ ದೂರದರ್ಶಕ ಯೋಜನೆಗಾಗಿ ಕನ್ನಡಿಯ ತುಂಡುಗಳಿಗೆ ಹೊಳಪು ಕೊಡುವ ಘಟಕವನ್ನು ಖಭೌತ ಸಂಸ್ಥೆ ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕಟ್ಟಿದೆ. ಅಂಥ ದೊಡ್ಡ ಕನ್ನಡಿ ನಕ್ಷತ್ರಕ್ಕೆ ಇನ್ನಷ್ಟು ಹತ್ತಿರದ ಗ್ರಹಗಳನ್ನು ಬಿಡಿಸಿ ತೋರಬಲ್ಲದು. ಅದಕ್ಕೆ ಆರಿಸಿದ ತಾಣವಾದ ಹವಾಯಿಯಲ್ಲಿ ಸ್ಥಳೀಯರ ವಿರೋಧ, ಹಣದ ತೊಡಕುಗಳ ನಡುವೆ ದೂರದರ್ಶಕ ಮಾತ್ರ ಇನ್ನೂ ಮೇಲೇಳಬೇಕಿದೆ.

ಗಾಯಾ 2025ರ ಜನವರಿಯಲ್ಲಿ ವೀಕ್ಷಣೆ ನಿಲ್ಲಿಸಿತು. ಅದರ ನಾಲ್ಕನೆಯ ದತ್ತಾಂಶ ಕಂತಿನಲ್ಲಿ ಮೊದಲ ಬಾರಿಗೆ ಪ್ರತಿ ನಕ್ಷತ್ರದ ಒಂದೊಂದು ಅಳತೆಯೂ ದಿನಾಂಕ ಸಮೇತ ಸಿಗಲಿದೆ, ಒಟ್ಟು 66 ತಿಂಗಳಿನದು. ಮೂರ್ನಾಲ್ಕು ವರ್ಷದ ಸುತ್ತಿನ ದೈತ್ಯರು ಅದರಲ್ಲಿ ದಂಡಿಯಾಗಿ ಸಿಗುವ ನಿರೀಕ್ಷೆ ಇದೆ. ಗುರುವಿನಂತೆ 12 ವರ್ಷ ತೆಗೆದುಕೊಳ್ಳುವ ಗ್ರಹದ ಅರ್ಧ ಕಕ್ಷೆಯೂ ಅದರಲ್ಲಿ ಪೂರ್ತಿ ಬರದು. ಹತ್ತು ವರ್ಷಕ್ಕೂ ಮೀರಿದ ಪೂರ್ಣ ದಾಖಲೆ ಐದನೆಯ ಕಂತಿನಲ್ಲಿ ಬರಬೇಕು. ಅಲ್ಲಿಯವರೆಗೆ ಲಾ ಸಿಲ್ಲಾದಂಥ ಬೆಟ್ಟಗಳಲ್ಲಿ ವೇಗ ಅಳೆಯುವವರು ತಮ್ಮ ಪಟ್ಟಿಗೆ ವರ್ಷವರ್ಷವೂ ಹೊಸ ಸಾಲುಗಳನ್ನು ಸೇರಿಸುತ್ತಲೇ ಇರಬೇಕಾಗುತ್ತದೆ.